ಐವತ್ತಕ್ಕೆ ಒಂದರ ಏರು

ಬೆಂಗಳೂರು ದಿಣ್ಣೆಯ ಮೇಲಿನ ಊರು. ನಮ್ಮ ಶ್ರೀನಗರದಿಂದ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಸೈಕಲ್ಲಿನಲ್ಲಿ ಹೋಗಿಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಹೋಗುವಾಗ ತುಳಿಯುವ ಶ್ರಮವೇ ಇಲ್ಲ. ವೃಷಭಾವತಿಯ ಕಣಿವೆಯೇ ಕೈಹಿಡಿದು ಇಳಿಸಿಕೊಳ್ಳುತ್ತದೆ. ಬರುವಾಗ ಅದೇ ಕಣಿವೆ ಹಿಂದಿನಿಂದ ಅಂಗಿ ಹಿಡಿದು ಜಗ್ಗುತ್ತದೆ.

ಸೈಕಲ್ಲಿನವನಾದರೆ ಏರು ಬಂದಾಗ ಇಳಿದು ನೂಕಿಕೊಂಡು ಹೋದಾನು. ಎತ್ತಿನ ಗಾಡಿಯವನು ಚಕ್ರಕ್ಕೆ ಹೆಗಲು ಕೊಟ್ಟಾನು. ರೈಲಿಗೆ ಈ ಅನುಕೂಲವಿಲ್ಲ. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಚಕ್ರ ಉರುಳುವುದರಿಂದ, ಮಟ್ಟಸವಾದ ದಾರಿಯಲ್ಲಿ ಒಂದು ಟನ್ ಭಾರವನ್ನು ಮೆಲ್ಲನೆ ಎಳೆಯಲು ಮೂರು ನಾಲ್ಕು ಕಿಲೋಗ್ರಾಮಿನಷ್ಟು ಬಲ ಸಾಕು. ರೈಲಿನ ಭಾಗ್ಯವೆಲ್ಲ ಇರುವುದು ಈ ನುಣುಪಿನಲ್ಲಿ. ಆದರೆ ಐವತ್ತು ಅಡಿ ಸಾಗುವಷ್ಟರಲ್ಲಿ ಒಂದಡಿ ಮೇಲೇರುವ ದಾರಿ ಬಂತೆನ್ನಿ. ರೈಲ್ವೆಯವರು ಇದನ್ನು ‘ಐವತ್ತಕ್ಕೆ ಒಂದು’ ಎನ್ನುತ್ತಾರೆ. ಆಗ ಅದೇ ಟನ್ನಿಗೆ ಇನ್ನೂ 20 ಕಿಲೋಗ್ರಾಂ ಬಲ ಕೂಡಬೇಕು. ಕಣ್ಣಿಗೆ ಏರೆಂದೇ ತೋರದ ಏರು ಇಂಜಿನಿನ ದುಡಿತವನ್ನು ಆರೇಳು ಪಟ್ಟು ಮಾಡಿಬಿಡುತ್ತದೆ. ಮೇಲಾಗಿ, ಬಯಲಿನಲ್ಲಿ ವರವಾಗಿದ್ದ ನುಣುಪೇ ಇಲ್ಲಿ ಶಾಪವಾಗಿ, ಮಳೆ ಬಿದ್ದ ಕಂಬಿಯ ಮೇಲೆ ಚಕ್ರ ನಿಂತಲ್ಲೇ ತಿರುಗತೊಡಗುತ್ತದೆ. ಆದಕಾರಣ ರೈಲು ಹುಟ್ಟಿದಂದಿನಿಂದಲೂ ಇಂಜಿನಿಯರರ ಅರ್ಧ ಬುದ್ಧಿ ಇಂಜಿನುಗಳಿಗೆ ವ್ಯಯವಾಗಿದ್ದರೆ, ಉಳಿದರ್ಧ ನೆಲದ ಉಬ್ಬುತಗ್ಗುಗಳನ್ನು ಸವರುವುದಕ್ಕೆ ಸಂದಿದೆ.

ಈ ಮಾತು ಮನಸ್ಸಿಗೆ ಚೆನ್ನಾಗಿ ಹತ್ತಬೇಕಾದರೆ ಆಟಿಕೆಯ ರೈಲನ್ನು ನೋಡಬೇಕು. ಶ್ರೀನಗರದ ಗೆಳೆಯರೊಬ್ಬರು ತಮ್ಮ ಮಹಡಿಯ ಕೋಣೆಯಲ್ಲಿ ನಿಜ ರೈಲಿನ 87ರಲ್ಲಿ ಒಂದು ಅಂಶದಷ್ಟು ಗಾತ್ರದ ಮಾದರಿ ರೈಲುದಾರಿ ಹಾಸಿದ್ದಾರೆ. (ಇದನ್ನು ಆಟಿಕೆ ಎಂದರೆ ಅವರಿಗೆ ಸಿಟ್ಟು ಬರುತ್ತದೆ.) ಒಂದು ದಾರಿ ಇನ್ನೊಂದರ ಮೇಲೆ ಸೇತುವೆಯಾಗಿ ಹಾಯಬೇಕೆಂಬುದು ಅವರ ಆಸೆ. ಅದಕ್ಕೆ ಮೂರಂಗುಲವಾದರೂ ಎತ್ತರ ಬೇಕು. ಐವತ್ತಕ್ಕೆ ಒಂದರ ಲೆಕ್ಕದಲ್ಲಿ ಮೂರಂಗುಲ ಏರಲು 150 ಅಂಗುಲ, ಅಂದರೆ ಹನ್ನೆರಡೂವರೆ ಅಡಿ ಉದ್ದ ಬೇಕು. ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಕೋಣೆಯ ಉದ್ದವೇ ಹತ್ತಡಿ. ವಿಧಿಯಿಲ್ಲದೆ ದಾರಿ ಗೋಡೆಯುದ್ದಕ್ಕೂ ಹೋಗಿ ಮೂಲೆಯಲ್ಲಿ ಬಳಸಿ ತಿರುಗಿತು. ತಿರುವಿನಲ್ಲಿ ಚಕ್ರ ಕಂಬಿಗೆ ಉಜ್ಜಿ ಇನ್ನಷ್ಟು ಬಲ ತಿಂದಿತು. ತಿರುವಿದ್ದಲ್ಲಿ ಏರನ್ನು ಸ್ವಲ್ಪ ಇಳಿಸಬೇಕೆಂಬ ನಿಯಮ ದೊಡ್ಡ ರೈಲಿನಲ್ಲೂ ಉಂಟು: ನಮ್ಮ ಅಗಲ ಹಳಿಯ ದಾರಿಗಳಲ್ಲಿ ತಿರುವಿನ ಒಂದೊಂದು ಡಿಗ್ರಿಗೂ ನೂರಕ್ಕೆ 0.04ರಷ್ಟು ಏರನ್ನು ಕಳೆಯುತ್ತಾರೆ.

ಇಷ್ಟಾದರೂ ಅವರ ರೈಲು ಸರಿಯಾಗಿ ಓಡಲಿಲ್ಲ. ಏರು ಮೊದಲಾಗುವಲ್ಲಿ ಇಂಜಿನಿನ ಮೂತಿ ಮೇಲೆದ್ದು, ಕೊಂಡಿ ಕಳಚಿ, ಗಾಡಿಗಳು ಹಿಂದೆಯೇ ಉಳಿದವು. ಕೋಲಿಗೆ ಕೋಲು ಜೋಡಿಸಿದಂತೆ ಮಟ್ಟಸದ ದಾರಿಗೆ ಏರನ್ನು ನೇರವಾಗಿ ಅಂಟಿಸಿದ್ದೇ ಕಾರಣ. ಕಡೆಗೆ ಹಲಗೆಯನ್ನು ತುಂಡು ಮಾಡದೆ, ಒಂದೇ ಉದ್ದ ಪಟ್ಟಿಯಾಗಿ ಸೀಳಿ, ಒಂದು ತುದಿಯನ್ನು ಮೆಲ್ಲಗೆ ಎತ್ತಿ ಅಡಿಗೆ ಆಸರೆ ಕೊಟ್ಟರು. ಹಲಗೆ ತನ್ನಷ್ಟಕ್ಕೆ ತಾನೇ ಬಾಗಿ ಹದವಾದ ಕಮಾನಾಯಿತು, ರೈಲು ಹತ್ತಿತು. ದೊಡ್ಡ ದಾರಿಯಲ್ಲಿ ಈ ಬಾಗನ್ನು ಗಣಿತದಿಂದ ಗುರುತಿಸಿ ಮಣ್ಣಿನಲ್ಲಿ ಮೂಡಿಸಬೇಕು. ಇಲ್ಲವಾದರೆ ದಿಣ್ಣೆಯ ನೆತ್ತಿಯಲ್ಲಿ ಮುಂದಿನ ಗಾಡಿಗಳು ಕೆಳಕ್ಕೆ, ಹಿಂದಿನವು ಹಿಂದಕ್ಕೆ ಎಳೆದು ಕೊಂಡಿ ಬಿಗಿಯುತ್ತದೆ. ತಗ್ಗಿನಲ್ಲಿ ಹಿಂದಿನವು ಮುಂದಿನವನ್ನು ಗುದ್ದುತ್ತವೆ. ಸಾವಿರ ಟನ್ನಿನ ಗಾಡಿಯಲ್ಲಿ ಇದು ನಗುವ ಮಾತಲ್ಲ.

ಗೆಳೆಯರದು ಹಲಗೆಯ ಕೆಲಸ, ಒಂದು ಭಾನುವಾರಕ್ಕೆ ಮುಗಿಯಿತು. ರಾತ್ರಿ ಊರಿನ ಸದ್ದಡಗಿದ ಮೇಲೆ ನಾಯಂಡಹಳ್ಳಿಯ ಕಡೆಯಿಂದ ಅದೇ ಮಹಡಿಗೆ ಕೂಗು ಕೇಳಿಸುವ ಮೈಸೂರಿನ ದಾರಿಯನ್ನು ಹದ ಮಾಡಿದ ಕಥೆ ಬೇರೆ. ಭೂಪಟದಲ್ಲಿ ಅದು ಸುಲಭದ ದಾರಿಯೆನಿಸುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮೈಸೂರು ಸುಮಾರು 770. ನಡುವೆ 140 ಕಿಲೋಮೀಟರಿನಷ್ಟು ದೂರ. ಸರಾಸರಿ ತೆಗೆದರೆ ಸಾವಿರಕ್ಕೆ ಒಂದು ಇಳಿಜಾರು. ಗೋಲಿ ಇಟ್ಟರೂ ಉರುಳಲಿಕ್ಕಿಲ್ಲ. ಆದರೆ ರೈಲುದಾರಿಯ ವಿಷಯದಲ್ಲಿ ಸರಾಸರಿಯಷ್ಟು ಸುಳ್ಳು ಹೇಳುವುದು ಬೇರೊಂದಿಲ್ಲ. ದಾರಿ ಮದ್ದೂರಿನಲ್ಲಿ ಶಿಂಷಾ ನದಿಯ ತೀರಕ್ಕೆ 200 ಮೀಟರಿಗೂ ಮಿಕ್ಕಿ ಇಳಿಯುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ ಮತ್ತೆ ಮೈಸೂರಿಗೆ ಹತ್ತುತ್ತದೆ. ನಡುವೆ ರಾಮನಗರದ ಬಂಡೆಗಳು, ಲೆಕ್ಕವಿಲ್ಲದ ಹಳ್ಳಗಳು. ಉಬ್ಬನ್ನು ಕಡಿದು, ಆ ಮಣ್ಣಿನಿಂದಲೇ ತಗ್ಗಿಗೆ ಏರಿ ಕಟ್ಟಿ, ಕಡಿದದ್ದೂ ತುಂಬಿದ್ದೂ ಸರಿಹೋಗುವಂತೆ ಗೆರೆ ಎಳೆಯುವುದು ಇಂಜಿನಿಯರನ ಜಾಣತನ. ಗೆರೆ ಎಳೆದ ಮೇಲೆ ಉಳಿಯುವುದು ಗುದ್ದಲಿ, ಮಂಕರಿ.

ಆ ಗುದ್ದಲಿ ಮಂಕರಿಗಳನ್ನು ಹಿಡಿದವರು ಯಾರು? ಧಾತು, ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಹಿರಿಯರ ಬಾಯಿಂದ ಅನೇಕರು ಕೇಳಿರಬಹುದು. 1876ರಿಂದ 78ರವರೆಗಿನ ಆ ಕ್ಷಾಮದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಬದುಕಿದ್ದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸವನ್ನು ಆರಂಭಿಸಿದರು. ಅದು ಕಮಿಷನರರ ಆಡಳಿತದ ಕಾಲ. ರಾಜ್ಯ ಮರಳಿ ಅರಸರ ಕೈಗೆ ಬಂದದ್ದು 1881ರಲ್ಲಿ. 1882ರಲ್ಲಿ ಮೀಟರ್ ಗೇಜಿನ ರೈಲು ಮೈಸೂರನ್ನು ಮುಟ್ಟಿತು. ಹೊಟ್ಟೆಗಿಲ್ಲದ ಗಂಡಸರು, ಹೆಂಗಸರು, ಮಕ್ಕಳು ಹೊತ್ತು ಸುರಿದ ಮಣ್ಣಿನಿಂದ ಮೈಸೂರಿನ ರೈಲು ಮೊದಲು ಹದವಾಯಿತು. ನಿಲ್ದಾಣಗಳಿಗೆ ದೊಡ್ಡವರ ಹೆಸರಿಟ್ಟಿದ್ದೇವೆ. ಈ ಏರಿಗಳಿಗೆ ಹೆಸರಿಲ್ಲ. ಇಂದು ಆ ದಾರಿಯಲ್ಲಿ ಅಗಲ ಹಳಿ ಬಂದಿದೆ, ಜೋಡಿ ಮಾರ್ಗವಾಗಿದೆ, ವಿದ್ಯುತ್ತಿನ ಇಂಜಿನು ಓಡುತ್ತಿದೆ.

ಬಯಲುಸೀಮೆಯ ಪಾಡು ಇದಾದರೆ, ಘಟ್ಟದ ಲೆಕ್ಕ ಇನ್ನೂ ಬಿರುಸು. ಬೆಟ್ಟದ ಎತ್ತರವನ್ನು ಯಾರೂ ಕಡಮೆ ಮಾಡಲಾರರು. ಒಂದೋ ದಾರಿಯನ್ನು ಉದ್ದ ಮಾಡಿ ಬೆಲೆ ತೆರಬೇಕು, ಇಲ್ಲವೆ ಗಿಡ್ಡ ದಾರಿಗೆ ಇಂಜಿನಿನ ಮೇಲೆ ಇಂಜಿನು ಕಟ್ಟಬೇಕು. ಕರ್ನಾಟಕದಲ್ಲಿ ಎರಡೂ ಇವೆ. ಪೋರ್ತುಗೀಜರ ಮೊರ್ಮುಗಾವ್ ಬಂದರಿಗಾಗಿ ಕಟ್ಟಿ 1888ರಲ್ಲಿ ತೆರೆದ ಕ್ಯಾಸಲ್‌ರಾಕ್–ಕುಳೆ ದಾರಿ 26 ಕಿಲೋಮೀಟರಿನಷ್ಟರಲ್ಲಿ 500 ಮೀಟರಿಗೂ ಮಿಕ್ಕಿ ಇಳಿಯುತ್ತದೆ. ಅಲ್ಲಿನ ಕಡಿದು ಏರು 37ಕ್ಕೆ ಒಂದು. ದೂಧಸಾಗರದ ನೀರು ಮೈಮೇಲೆ ಸಿಡಿಯುವ ಆ ದಾರಿಯಲ್ಲಿ ಗಾಡಿಗೆ ಹಿಂದಿನಿಂದ ನೂಕಲು ಬೇರೆ ಇಂಜಿನುಗಳು ಬೇಕು. ಇದಕ್ಕೂ ಕಡಿದಾದಲ್ಲಿ ನುಣುಪು ಕಂಬಿಯ ಆಟ ನಡೆಯುವುದು ಬಹು ಕಷ್ಟ: 1899ರಲ್ಲಿ ಕೂನೂರಿಗೆ ಹತ್ತಿದ ನೀಲಗಿರಿ ರೈಲಿನಲ್ಲಿ ಏರು ಹನ್ನೆರಡಕ್ಕೆ ಒಂದರಷ್ಟಾಗಿ, ಕಂಬಿಗಳ ನಡುವೆ ಹಲ್ಲುಪಟ್ಟಿ ಹಾಕಿ ಕಚ್ಚಿಕೊಂಡು ಹತ್ತಬೇಕಾಯಿತು.

ಇನ್ನೊಂದು ಸಕಲೇಶಪುರದ ಘಟ್ಟ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆದರೆ ತೆಂಕಣ ಮಲೆಯಾಳ ಸೀಮೆಯ ಕಡೆಯಿಂದ. ಮಂಗಳೂರಿನವರು ರೈಲಿನಲ್ಲಿ ಬೆಂಗಳೂರಿಗೆ ಬರಬೇಕಾದರೆ ಪಾಲಕ್ಕಾಡು, ಜೋಲಾರಪೇಟೆಗಳನ್ನು ಸುತ್ತಿ ಬರಬೇಕಾಗಿತ್ತು. ರಾಜ್ಯ ಒಂದಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದು, 1979ರಲ್ಲಿ ಹಾಸನ–ಮಂಗಳೂರು ದಾರಿ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್. ಇಲ್ಲಿ ಏರನ್ನು ಐವತ್ತಕ್ಕೆ ಒಂದನ್ನು ಮೀರಗೊಡಲಿಲ್ಲ. ಶ್ರೀನಗರದ ಹಲಗೆಯ ಲೆಕ್ಕವೇ. ಅದಕ್ಕೆ ತೆತ್ತ ಬೆಲೆ 57 ಸುರಂಗ, ಸೇತುವೆಗಳಂತೂ 200ಕ್ಕೂ ಹೆಚ್ಚು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು: ಈ ಪುಟ್ಟ ನಿಲ್ದಾಣಗಳ ಹೆಸರೆತ್ತಿದರೆ ಕಾಡು, ಜಿಗಣೆ, ಮಳೆ ನೆನಪಾಗುತ್ತವೆ.

ನಮ್ಮ ಅಭಿಪ್ರಾಯದಲ್ಲಿ ಎರಡನೆಯ ದಾರಿಯೇ ಹೆಚ್ಚು ವಿವೇಕದ್ದು. ಕಟ್ಟುವಾಗ ಒಮ್ಮೆ ಕಷ್ಟಪಟ್ಟರೆ ಪ್ರತಿ ಗಾಡಿಯೂ ಅದರ ಲಾಭ ಉಣ್ಣುತ್ತದೆ. ಹಾಗೆಂದು ಬೆಟ್ಟ ತನ್ನ ಬಾಕಿಯನ್ನು ಬಿಟ್ಟುಕೊಟ್ಟಿತೆಂದು ತಿಳಿಯಬೇಡಿ. ಅಗಲ ಹಳಿ ಹಾಕುವುದಕ್ಕೆಂದು 1996ರಲ್ಲಿ ಈ ಘಟ್ಟದಲ್ಲಿ ರೈಲು ನಿಂತಿತು. ಮೀಟರ್ ಗೇಜಿಗೆ ಸರಿಹೋಗುತ್ತಿದ್ದುದು ಭಾರಿ ಗಾಡಿಗಳಿಗೆ ಸಾಲದು. ಸರಕಿನ ಗಾಡಿ ಮರಳಿ ಹತ್ತಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಕರಾವಳಿಯ ಮಂದಿ ಶಿರಾಡಿ ಘಾಟಿಯ ಬಸ್ಸಿನಲ್ಲಿ ಕುಲುಕಾಡಿದರು. ಆ ಬಳಿಕವೂ 2018ರಲ್ಲಿ, 2024ರಲ್ಲಿ ಮಳೆಗಾಲದ ಮಣ್ಣು ಕುಸಿದು ದಾರಿ ಕಟ್ಟಿತು.

ಇಂದಿಗೂ ಅಲ್ಲಿ ಗಂಟೆಗೆ 30 ಕಿಲೋಮೀಟರಿನ ವೇಗ. ಹಿಂದೆ ನೂಕುವ ಇಂಜಿನುಗಳೂ ಉಂಟು. 2021ರಿಂದ ಹಗಲು ರೈಲಿಗೆ ಗಾಜಿನ ಸೂರಿನ ಬೋಗಿಗಳನ್ನು ಜೋಡಿಸಿದ್ದಾರೆ. ಹೆಚ್ಚಿನ ಹಣ ಕೊಟ್ಟು ಕುಳಿತವರು ಒಂದು ಸುರಂಗದಿಂದ ಹೊರಬಿದ್ದು ಇನ್ನೊಂದನ್ನು ಹೊಗುವಷ್ಟರಲ್ಲಿ ಕಣಿವೆಯನ್ನು ಇಣುಕಿ ನೋಡುತ್ತಾರೆ. ಗಾಡಿ ಐವತ್ತಡಿಗೆ ಒಂದಡಿಯಂತೆ ಸಕಲೇಶಪುರದ ಕಡೆಗೆ ಹತ್ತುತ್ತಿರುತ್ತದೆ.