ಹೃದಯ ಶಸ್ತ್ರಚಿಕಿತ್ಸೆಯ ನಂತರ ಮಕ್ಕಳ ಮೂತ್ರಪಿಂಡಕ್ಕೆ ಒದಗುವ ಹಾನಿ: ಮುನ್ಸೂಚನೆಯ ದಾರಿಗಳು ಮತ್ತು ಗುಬ್ಬಿ ತಾಲ್ಲೂಕಿನ ಪಾಲು

ಸಾರಾಂಶ

ತೆರೆದ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳಲ್ಲಿ ಮೂತ್ರಪಿಂಡದ ತೀವ್ರ ಹಾನಿ ಸಾಮಾನ್ಯ. ಇದನ್ನು ಬೇಗ ಗುರುತಿಸಲು ಹೊಸ ಪರೀಕ್ಷೆಗಳು ಬಂದಿವೆ. ಆದರೆ ಯಾವ ಮುನ್ಸೂಚನೆಗೂ ಮಗುವಿನ ಮೂಲ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) ಮಟ್ಟವೇ ಆಧಾರವೆಂದೂ ಅದನ್ನು ಊರಿನಲ್ಲೇ ದಾಖಲಿಸಿಡಬೇಕೆಂದೂ ಈ ಲೇಖನ ವಾದಿಸುತ್ತದೆ.

ಪೀಠಿಕೆ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಮಗುವಿಗೆ ಜನ್ಮಜಾತ ಹೃದಯದೋಷವಿದ್ದರೆ ಅದು ಅಂಗನವಾಡಿಯಲ್ಲೇ ಪತ್ತೆಯಾಗಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಲ್ಲಿ ವರ್ಷಕ್ಕೆರಡು ಸಲ, ಶಾಲೆಗಳಲ್ಲಿ ಒಂದು ಸಲ ತಪಾಸಣೆ ನಡೆಸಬೇಕು. ಹೃದಯದೋಷವೂ ಆ ತಪಾಸಣೆಯ ಪಟ್ಟಿಯಲ್ಲಿದೆ. ಶಸ್ತ್ರಚಿಕಿತ್ಸೆಗೆ ತುಮಕೂರನ್ನು ದಾಟಿ ಬೆಂಗಳೂರಿನ ಜಯದೇವ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೃದಯ ಸರಿಹೋಗಲಿ ಎಂಬುದೇ ತಂದೆತಾಯಿಯರ ಚಿಂತೆ. ಮೂತ್ರಪಿಂಡದ ವಿಷಯ ಅವರ ಮನಸ್ಸಿಗೂ ಬಂದಿರುವುದಿಲ್ಲ.

ಹಾನಿಯ ಕಾರಣಗಳು

ಶಸ್ತ್ರಚಿಕಿತ್ಸೆಯ ವೇಳೆ ರಕ್ತವು ಹೃದಯ-ಶ್ವಾಸಕೋಶ ಯಂತ್ರದ ಮೂಲಕ ಹರಿಯುತ್ತದೆ. ಆಗ ಮೂತ್ರಪಿಂಡಕ್ಕೆ ಸಿಗುವ ರಕ್ತ ಮತ್ತು ಆಮ್ಲಜನಕ ಏರುಪೇರಾಗುತ್ತವೆ, ಉರಿಯೂತ ಹೆಚ್ಚುತ್ತದೆ, ಒಡೆದ ಕೆಂಪು ರಕ್ತಕಣಗಳಿಂದ ಹೊರಬಂದ ಹಿಮೋಗ್ಲೋಬಿನ್ ಮೂತ್ರನಾಳಿಕೆಗಳಿಗೆ ಪೆಟ್ಟು ಕೊಡುತ್ತದೆ. ಎಳೆಯ ವಯಸ್ಸು, ಯಂತ್ರದ ಮೇಲೆ ಕಳೆದ ದೀರ್ಘ ಸಮಯ, ಶಸ್ತ್ರಚಿಕಿತ್ಸೆಯ ನಂತರ ಹೃದಯದ ದುರ್ಬಲ ಬಡಿತ ಅಪಾಯವನ್ನು ಹೆಚ್ಚಿಸುತ್ತವೆ. 2011ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನವೊಂದರಲ್ಲಿ 311 ಮಕ್ಕಳ ಪೈಕಿ ಶೇ. 42ರಷ್ಟು ಮಂದಿಗೆ ಈ ಹಾನಿ ಕಂಡುಬಂತು.

ಕ್ರಿಯಾಟಿನಿನ್ ಎಂಬ ತಡವಾದ ಸಾಕ್ಷಿ

ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ರೂಪಿಸುವ ಕೆಡಿಗೋ ಸಂಸ್ಥೆಯ 2012ರ ಮಾನದಂಡದಂತೆ, ರಕ್ತದ ಕ್ರಿಯಾಟಿನಿನ್ 48 ಗಂಟೆಗಳೊಳಗೆ ಡೆಸಿಲೀಟರ್‌ಗೆ 0.3 ಮಿಲಿಗ್ರಾಂ ಏರಿದರೆ ಅಥವಾ ಏಳು ದಿನಗಳಲ್ಲಿ ಮೂಲಮಟ್ಟದ ಒಂದೂವರೆ ಪಟ್ಟಾದರೆ ಅದು ತೀವ್ರ ಹಾನಿ. ತೊಡಕು ಇರುವುದು ಇಲ್ಲಿಯೇ. ಪುಟ್ಟ ಮಗುವಿನ ಸ್ನಾಯುರಾಶಿ ಕಡಿಮೆ. ಮೂಲ ಕ್ರಿಯಾಟಿನಿನ್ 0.3 ಇರಬಹುದು. ಅದು 0.6ಕ್ಕೆ ಏರಿದಾಗಲೂ ವಯಸ್ಕರ ಮಿತಿಗಳನ್ನು ಮುದ್ರಿಸಿದ ವರದಿಯಲ್ಲಿ ಅದು ಸಹಜವೆಂದೇ ಕಾಣುತ್ತದೆ. ಮೂಲಸಂಖ್ಯೆ ಗೊತ್ತಿದ್ದವರಿಗೆ ಮಾತ್ರ ಅದು ದುಪ್ಪಟ್ಟಾದದ್ದು, ಅಂದರೆ ಎರಡನೇ ಹಂತದ ಹಾನಿ, ತಿಳಿಯುತ್ತದೆ. ದೇಹದಲ್ಲಿ ದ್ರವ ತುಂಬಿಕೊಂಡಾಗ ರಕ್ತ ತೆಳುವಾಗಿ ಈ ಏರಿಕೆ ಇನ್ನಷ್ಟು ಮರೆಯಾಗುತ್ತದೆ.

ಹೊಸ ಸೂಚಕಗಳು

2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಸಿನ್ಸಿನಾಟಿಯ ಅಧ್ಯಯನ 71 ಮಕ್ಕಳನ್ನು ಗಮನಿಸಿತು. ಹಾನಿಗೊಳಗಾದ 20 ಮಕ್ಕಳ ಮೂತ್ರದಲ್ಲಿ ಎನ್‌ಗಾಲ್ ಎಂಬ ಪ್ರೋಟೀನ್ ಎರಡೇ ಗಂಟೆಗಳಲ್ಲಿ ಏರಿತ್ತು. ಕ್ರಿಯಾಟಿನಿನ್ ಹಾನಿಯನ್ನು ತೋರಿಸಲು ಒಂದರಿಂದ ಮೂರು ದಿನ ಬೇಕಾಯಿತು. ಆದರೆ ಮೇಲೆ ಹೇಳಿದ 311 ಮಕ್ಕಳಲ್ಲಿ ಇದೇ ಸೂಚಕವನ್ನು ಪರೀಕ್ಷಿಸಿದಾಗ ಮೊದಲಿನ ನಿಖರತೆ ಉಳಿಯಲಿಲ್ಲ. ಹಲವು ಕೇಂದ್ರಗಳ ಮಿಶ್ರ ರೋಗಿಗಳಲ್ಲಿ ಒಂದೇ ಪ್ರೋಟೀನನ್ನು ನೆಚ್ಚಿಕೊಳ್ಳುವುದು ಕಷ್ಟ. ಆದ್ದರಿಂದ ಸೂಚಕವನ್ನು ಮಗುವಿನ ವಯಸ್ಸು, ಯಂತ್ರದ ಸಮಯ, ದ್ರವದ ಲೆಕ್ಕ ಇವುಗಳ ಜೊತೆಗಿಟ್ಟೇ ಓದಬೇಕು.

ಹಾಸಿಗೆಯ ಪಕ್ಕದ ಲೆಕ್ಕವೂ ಅಷ್ಟೇ ಮುಖ್ಯ. ಎಂಟು ಕಿಲೋ ತೂಕದ ಮಗುವಿಗೆ ಆರು ಗಂಟೆಗಳಲ್ಲಿ 24 ಮಿಲಿಲೀಟರ್‌ಗಿಂತ ಕಡಿಮೆ ಮೂತ್ರ ಬಂದರೆ ಅದು ಕೆಡಿಗೋ ಎಚ್ಚರಿಕೆಯ ಗೆರೆಯೊಳಗೆ ಬಂದಂತೆ. ಗಂಟೆಗೊಮ್ಮೆ ಅಳೆದು ಬರೆದಿಡುವ ನರ್ಸ್ ಇದ್ದರೆ ಇದು ಯಾವ ದುಬಾರಿ ಕಿಟ್ಟೂ ಇಲ್ಲದೆ ಗೊತ್ತಾಗುತ್ತದೆ. ಆಗ ಮೂತ್ರಪಿಂಡಕ್ಕೆ ಹಾನಿಕರವಾದ ಔಷಧಗಳನ್ನು ತಡೆದು, ರಕ್ತದೊತ್ತಡವನ್ನು ಕಾಪಾಡಿ, ಬೇಕಿದ್ದರೆ ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸನ್ನು ಬೇಗ ಆರಂಭಿಸಬಹುದು.

ಸಮಾರೋಪ: ತಾಲ್ಲೂಕಿನ ಹೊಣೆ

ಮಗುವನ್ನು ಬೆಂಗಳೂರಿಗೆ ಕಳಿಸುವ ಮುನ್ನ ಅದರ ತೂಕ, ಎತ್ತರ, ಕ್ರಿಯಾಟಿನಿನ್ ಮಟ್ಟವನ್ನು ರೆಫರಲ್ ಚೀಟಿಯಲ್ಲೇ ಬರೆಯಬೇಕು. ಹಾನಿಯಾಗಿದ್ದರೆ ಅದನ್ನು ಡಿಸ್ಚಾರ್ಜ್ ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಮೂರು ತಿಂಗಳ ನಂತರ ಮೂತ್ರಪಿಂಡದ ಸ್ಥಿತಿಯನ್ನು ಮತ್ತೆ ನೋಡಬೇಕೆಂಬುದು ಕೆಡಿಗೋ ಸಲಹೆ. ರಕ್ತದೊತ್ತಡ, ಮೂತ್ರದ ಅಲ್ಬುಮಿನ್, ಕ್ರಿಯಾಟಿನಿನ್ ಪರೀಕ್ಷೆಗಳಿಗಾಗಿ ಕುಟುಂಬವು ಮತ್ತೆ ಕೂಲಿ ಕಳೆದುಕೊಂಡು ರಾಜಧಾನಿಗೆ ಅಲೆಯುವಂತಾಗಬಾರದು. ಜ್ವರ, ನೋವಿಗೆಂದು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದೆಂದು ಆಶಾ ಕಾರ್ಯಕರ್ತೆಯರು ತಾಯಂದಿರಿಗೆ ತಿಳಿಹೇಳಬಹುದು. ಇವೆಲ್ಲ ಗುಬ್ಬಿಯಂಥ ತಾಲ್ಲೂಕಿನಲ್ಲಿ ಇಂದೇ ಆರಂಭಿಸಬಹುದಾದ ಕೆಲಸಗಳು. ಮುನ್ಸೂಚನೆಯ ಹೊಸ ಮಾದರಿಗಳನ್ನು ಕಟ್ಟುವ ಸಂಶೋಧಕರಿಗೂ ನಂಬಬಹುದಾದ ಮಾಹಿತಿ ಸಿಗಬೇಕಾದದ್ದು ಇಂಥ ದಾಖಲೆಗಳಿಂದಲೇ.