ಸಾವಿನ ಮುನ್ಸೂಚನೆ: ಒಂದು ಇಟಾಲಿಯನ್ ಸಿನಿಮಾ, ಹಾಸನದ ನಲವತ್ತು ದಿನ

2025ರ ಜುಲೈ ಮೊದಲ ವಾರ. ಅರಕಲಗೂಡಿನಿಂದ ಅಮ್ಮ ಫೋನ್ ಮಾಡಿದ್ದಳು. "ಇವತ್ತೂ ಒಬ್ರು ಹೋದ್ರಂತೆ ಕಣೋ. ನಂಗ್ಯಾಕೋ ಬಲಗಣ್ಣು ಅದುರ್ತಾನೇ ಇದೆ. ನೀನೊಂದ್ಸಲ ಇಸಿಜಿ ಮಾಡಿಸ್ಕೊ." ಎಂಜಿನಿಯರಿಂಗ್ ಓದಿದ ಮಗ ಕಣ್ಣು ಅದುರೋದನ್ನ ನಂಬಲ್ಲ. ಆದ್ರೂ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಹಾಸ್ಟೆಲ್ ದಿನಗಳಲ್ಲಿ ನೋಡಿದ್ದ ಒಂದು ಸಿನಿಮಾ ನೆನಪಾಯ್ತು.

ಯಾವುದದು?

'ಸೆತ್ತೆ ನೋತೆ ಇನ್ ನೇರೊ', ಲೂಚಿಯೊ ಫುಲ್ಚಿ ನಿರ್ದೇಶನದ 1977ರ ಇಟಾಲಿಯನ್ ಥ್ರಿಲ್ಲರ್. ಇಂಗ್ಲಿಷಿನಲ್ಲಿ 'ದಿ ಸೈಕಿಕ್'. ಕಾರು ಓಡಿಸುತ್ತಿರುವ ವರ್ಜೀನಿಯಾಗೆ (ಜೆನಿಫರ್ ಓ'ನೀಲ್) ಸುರಂಗದ ಕತ್ತಲಲ್ಲಿ ಚೂರುಚೂರಾಗಿ ದೃಶ್ಯಗಳು ಕಾಣುತ್ತವೆ: ಸತ್ತ ಮುದುಕಿ, ಒಡೆದ ಕನ್ನಡಿ, ಕೆಂಪು ದೀಪ, ಕುಂಟುವ ಗಂಡಸು, ಒಂದು ಗೋಡೆ. ಗಂಡನ ಹಳೇ ಬಂಗಲೆಯಲ್ಲಿ ಅದೇ ಗೋಡೆ ಸಿಗುತ್ತೆ. ಒಡೆದರೆ ಒಳಗೆ ಅಸ್ಥಿಪಂಜರ. ಆದರೆ ಅದು ಮುದುಕಿಯದ್ದಲ್ಲ, ಹಿಂದೆ ಯಾವಾಗಲೋ ಕೊಲೆಯಾದ ಯುವತಿಯದ್ದು. ಇನ್ನು ಮುಂದೆ ಕಥೆಯ ಗುಟ್ಟು ಹೇಳ್ತಿದ್ದೀನಿ: ವರ್ಜೀನಿಯಾ ಕಂಡಿದ್ದು ನಡೆದುಹೋದದ್ದಲ್ಲ, ನಡೆಯಲಿರುವುದು. ದೃಶ್ಯ ಸರಿಯಿತ್ತು, ಅದರ ಕಾಲವನ್ನ ತಪ್ಪಾಗಿ ಓದಿಕೊಂಡಳು.

ಮಣಿವಣ್ಣನ್ ಅವರ ತಮಿಳಿನ 'ನೂರಾವದು ನಾಳ್' (1984), ಮಾಧುರಿ ದೀಕ್ಷಿತ್ ನಟಿಸಿದ ಹಿಂದಿಯ '100 ಡೇಸ್' (1991) ಇದೇ ಎಳೆಯ ಮೇಲೆ ನಿಂತಿವೆ.

ಹಾಸನದಲ್ಲಿ ಆಗಿದ್ದೇನು?

ಅಲ್ಲೂ ನಮಗೆ ಸಿಕ್ಕಿದ್ದು ಚೂರು ದೃಶ್ಯಗಳೇ. 2025ರ ಮೇ ಕೊನೆಯಿಂದ ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಹಠಾತ್ ಸಾವುಗಳು ವರದಿಯಾದವು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಅಂತ ಟಿವಿಯಲ್ಲಿ ಒಂದೊಂದೇ ಊರಿನ ಹೆಸರು. ಸತ್ತವರಲ್ಲಿ ಕಿರಿಯರೂ ಇದ್ದರು. ಏನೂ ತೊಂದರೆ ಇಲ್ಲದವರೂ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಇದೇ ಆಗಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೋವಿಡ್ ಲಸಿಕೆಯ ಕಡೆ ಬೊಟ್ಟು ಮಾಡಿದರು. ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್, ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಅದನ್ನು ತಳ್ಳಿಹಾಕಿತು.

ವರದಿ ಏನು ಹೇಳಿತು?

ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕಕ್ಕೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಉಳಿದ 20ರ ಹಿಂದೆ ಬಿಪಿ, ಶುಗರ್, ಧೂಮಪಾನ, ಕುಟುಂಬದ ಇತಿಹಾಸದಂಥ ಹಳೇ ಕಾರಣಗಳೇ ಕಂಡವು. ಲಸಿಕೆಗೆ ನಂಟು ಸಿಗಲಿಲ್ಲ. ಹಿಂದಿನ ಅವಧಿಗೆ ಹೋಲಿಸಿದರೆ ಹಠಾತ್ ಏರಿಕೆಯೂ ಇಲ್ಲ ಎಂದಿತು. ಆದರೆ ಹಲವರ ಮರಣೋತ್ತರ ಪರೀಕ್ಷೆಯೇ ನಡೆದಿರಲಿಲ್ಲ.

ಹಾಗಾದ್ರೆ ಸಮಸ್ಯೆ ಇಲ್ವಾ?

ಇಲ್ಲೇ ನನ್ನ ತಕರಾರು. ಸಿಗ್ನಲ್ ಇದೆ ಅನ್ನೋಕೆ ಮೊದಲು ಬೇಸ್‌ಲೈನ್ ಬೇಕು ಅಂತ ಕಾಲೇಜಿನಲ್ಲಿ ಕಲಿಸಿದ್ದರು. ಆ 40 ದಿನಗಳಿಗೆ ಮೊದಲು ಹಳ್ಳಿಯ ಮನೆಯಲ್ಲೋ ಆಟೊ ಸೀಟಿನಲ್ಲೋ ಸತ್ತವರನ್ನ ಎಣಿಸುತ್ತಿದ್ದವರು ಯಾರು? ಸಾವುಗಳು ನಿಜ. ನಾವು ಅವನ್ನ ಹೊಸ ಅಪಶಕುನ ಅಂತ ಓದಿಕೊಂಡೆವು. ಏರಿಕೆ ಇಲ್ಲ ಅನ್ನೋದು ಸಮಾಧಾನದ ಮಾತಲ್ಲ, ಇಷ್ಟು ಸಾವು ಮೊದಲಿಂದಲೂ ಆಗ್ತಿತ್ತು ಅಂತ ಅರ್ಥ. ಗೋಡೆ ಒಡೆದಾಗ ಸಿಕ್ಕಿದ್ದು ಹಳೇ ಮೂಳೆ.

ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ, ಮರಣೋತ್ತರ ಪರೀಕ್ಷೆ ನಡೆಸಬೇಕು ಅಂತ ಸರ್ಕಾರ ಆಗ ಹೇಳಿತು. ಪುನೀತ್ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ಇಸಿಜಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಎರಡೂ ಉಚಿತ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇದೆಯಾ, ರಾತ್ರಿ ಹೊತ್ತು ಕೊಡೋರು ಇದ್ದಾರಾ ಅಂತ ಹೋಗಿ ಕೇಳಿ. ಲಸಿಕೆ ಬಗ್ಗೆ ಜಗಳ ಆಡೋದಕ್ಕಿಂತ ಇದು ಹೆಚ್ಚು ರಾಜಕೀಯ.

ಅಮ್ಮನಿಗೆ ವಾಪಸ್ ಫೋನ್ ಮಾಡಿದೆ. "ಬಲಗಣ್ಣು ಬಿಡಮ್ಮ, ಬಿಪಿ ಎಷ್ಟಿದೆ ಹೇಳು."

"ನೋಡಿಸಿ ಎರಡು ವರ್ಷ ಆಯ್ತು ಕಣೋ" ಅಂದಳು.