ಓಹಿಯೋ ವಿದ್ಯಾಪೀಠವೂ ಜೆಸ್ಸಿ ಓವೆನ್ಸರೂ

ಕೃಷಿಕರ ಹಾಗೂ ಶ್ರಮಜೀವಿಗಳ ಮಕ್ಕಳಿಗೂ ಉನ್ನತ ವಿದ್ಯೆ ದೊರೆಯಲೆಂದು ಅಮೆರಿಕೆಯು 1862ರಲ್ಲಿ ಕಾಲೇಜುಗಳಿಗೆ ಭೂಮಿ ನೀಡುವ ಕಾಯಿದೆಯನ್ನು ಮಾಡಿತು. ಅದರ ಫಲವಾಗಿ 1870ರಲ್ಲಿ ಸ್ಥಾಪಿತವಾದುದೇ ಕೊಲಂಬಸ್ ನಗರದ ಓಹಿಯೋ ರಾಜ್ಯ ವಿಶ್ವವಿದ್ಯಾಲಯ.

1933ರಲ್ಲಿ ಅಲ್ಲಿಗೆ ಬಂದ ಜೆಸ್ಸಿ ಓವೆನ್ಸರು ಗುಲಾಮರ ಮೊಮ್ಮಗ. ವರ್ಣಭೇದದಿಂದಾಗಿ ಅವರಿಗೆ ವಿದ್ಯಾರ್ಥಿನಿಲಯದಲ್ಲಿ ಇಂಬಿರಲಿಲ್ಲ, ವಿದ್ಯಾರ್ಥಿವೇತನವೂ ದೊರೆಯಲಿಲ್ಲ. ದುಡಿಯುತ್ತಲೇ ಓದಿದ ಅವರು 1935ರ ಮೇ 25ರಂದು ಆನ್ ಆರ್ಬರಿನಲ್ಲಿ, ಮುಕ್ಕಾಲು ಗಂಟೆಯೊಳಗೆ, ಒಂದು ಸ್ಪರ್ಧೆಯಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿ, ಮೂರರಲ್ಲಿ ಹೊಸ ದಾಖಲೆಗಳನ್ನು ನಿರ್ಮಿಸಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸ್ವರ್ಣಪದಕಗಳನ್ನು ಗಳಿಸಿದರು. ಪದವಿ ಪೂರೈಸಲಾಗದ ಅವರಿಗೆ ಅದೇ ವಿಶ್ವವಿದ್ಯಾಲಯವು 1972ರಲ್ಲಿ ಗೌರವ ಡಾಕ್ಟರೇಟ್ ನೀಡಿತು.

ವಾಚಕರೇ, ವಿದ್ಯೆಯ ಬಾಗಿಲು ತೆರೆದರಷ್ಟೇ ಸಾಲದು. ಒಳಬಂದವನಿಗೆ ಸಮಪಂಕ್ತಿಯೂ ದೊರೆಯಬೇಕು. ಶ್ರೀಮಠದ ಪ್ರಸಾದ ನಿಲಯದಲ್ಲಿ ಒಟ್ಟಿಗೆ ಕುಳಿತು ಉಂಡ ನಿಮಗೆ ಈ ಮಾತಿನ ಬೆಲೆ ತಿಳಿದೇ ಇದೆ.